ಗೊತ್ತಿತ್ತು, ಗೊತ್ತಾಯಿತು

ಸಿಟ್ಟು ನನ್ನ ಜೊತೆ ಹುಟ್ಟಿದ್ದಲ್ಲ. ಮುಂಬಯಿಯ ಒಂದು ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದವರು ನಿಧಾನದ ಜನ. ಒಬ್ಬ ಕೀಲಿಗಳನ್ನು ಕೂರಿಸಿದ. ಇನ್ನೊಬ್ಬ ಅಕ್ಷರದ ಕಡ್ಡಿಗಳನ್ನು ಬೀಸಣಿಗೆಯ ಹಾಗೆ ಹರಡಿ ಕಟ್ಟಿದ. ದಪ್ಪ ಕನ್ನಡಕದ ಮುದುಕನೊಬ್ಬ ಇಪ್ಪತ್ತಾರೂ ಅಕ್ಷರಗಳನ್ನು ಬಡಿದು ನೋಡಿ, ಒಂದೂ ಓರೆಯಿಲ್ಲ ಎಂದು ಚೀಟಿ ಅಂಟಿಸಿದ. ಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಕೂತು, ಆ ಚೀಟಿಯ ಹೆಮ್ಮೆ ಹೊತ್ತುಕೊಂಡು, ನಾನು ರೈಲಿನಲ್ಲಿ ಗದಗಿನ ಕಡೆಗೆ ಬಂದೆ. ನಾನು ಇಂಗ್ಲಿಷ್ ಟೈಪ್‌ರೈಟರ್. ಆಗ ನನಗೆ ಅಕ್ಷರ ಮಾತ್ರ ಬರುತ್ತಿತ್ತು. ಪದ ಎಂದರೇನೆಂದು ತಿಳಿದಿರಲಿಲ್ಲ.

ನಾನು ಬಂದಿಳಿದದ್ದು ಹತ್ತಿ ಪೇಟೆಯ ಊರೊಂದರ ನೂಲಿನ ಗಿರಣಿಗೆ. ಗಿರಣಿಯ ಮಾಲೀಕರು ಇದ್ದದ್ದು ಮುಂಬಯಿಯಲ್ಲಿ. ಅವರಿಗೆ ಕನ್ನಡ ಬಾರದು. ಹೀಗಾಗಿ ಸಾವಿರಾರು ಜನ ದಿನವಿಡೀ ಕನ್ನಡದಲ್ಲಿ ದುಡಿದು, ಬೈದು, ಬೇಡಿಕೊಂಡದ್ದೆಲ್ಲ ಸಂಜೆಯ ಹೊತ್ತಿಗೆ ಇಂಗ್ಲಿಷಾಗಿ ಟಪಾಲಿನ ಚೀಲಕ್ಕೆ ಬೀಳಬೇಕಿತ್ತು. ಅದು ಇಂಗ್ಲಿಷಾಗುತ್ತಿದ್ದದ್ದು ನನ್ನ ಮೈಮೇಲೆ.

ನನಗೆ ಪದ ಕಲಿಸಿದವರು ಹೆಡ್ ಕ್ಲಾರ್ಕ್ ಶೇಷಗಿರಿ ಕಟ್ಟಿಯವರು. ಬಿಳಿ ಟೊಪ್ಪಿಗೆ, ಮಡಿಕೆ ಕೆಡದ ಕೋಟು, ಮೂಗಿನ ತುದಿಯಲ್ಲೇ ಇರುತ್ತಿದ್ದ ಕೋಪ. ಒಮ್ಮೆ ಹೊಸ ಗುಮಾಸ್ತನೊಬ್ಬ "ನಿಮ್ಮ ಪತ್ರವನ್ನು ನಾವು ಡಿಸ್ಕವರ್ ಮಾಡಿದ್ದೇವೆ" ಎಂದು ಬರೆದು ತಂದ. ಕಟ್ಟಿಯವರು ಕಾಗದವನ್ನು ಅವನ ಮುಖದ ಮುಂದೆ ಹಿಡಿದರು.

"ಆ ಪತ್ರ ಏನು ಸಮುದ್ರದಾಚೆಯ ಖಂಡ ಏನೋ? ಟಪಾಲಿನವ ತಂದು ಟೇಬಲ್ಲಿನ ಮ್ಯಾಲೆ ಇಟ್ಟಾನ. ನೀ ಹಡಗ ತಗೊಂಡು ಹೋಗಿ ಹುಡುಕಿದಿ ಏನು?"

ಅಂಥ ಮನುಷ್ಯನ ಕೈಕೆಳಗೆ ಇಂದುಮತಿ ಪತ್ತಾರ ಟೈಪಿಸ್ಟಾಗಿ ಸೇರಿದಳು. ಆಗ ಅವಳಿಗೆ ಇಪ್ಪತ್ತೆರಡು. ಮೆಟ್ರಿಕ್ ಪಾಸು, ಟೈಪಿಂಗು, ಶೀಘ್ರಲಿಪಿ. ಅಕ್ಕಸಾಲಿಯಾಗಿದ್ದ ಅಪ್ಪ ತೀರಿಹೋಗಿದ್ದ. ಮನೆಯಲ್ಲಿ ಅವ್ವ ಮತ್ತು ಶಾಲೆಗೆ ಹೋಗುವ ಇಬ್ಬರು ತಮ್ಮಂದಿರು. ನಾನು ಅವಳನ್ನು ಕೆಳಗಿನಿಂದ ನೋಡುತ್ತಿದ್ದವನು, ಆದ್ದರಿಂದ ಮೊದಲು ಪರಿಚಯವಾದದ್ದು ಅವಳ ಬೆರಳುಗಳು: ತೆಳ್ಳಗೆ, ಗಟ್ಟಿ, ಒಂದು ಅಕ್ಷರಕ್ಕೂ ಅನುಮಾನ ಪಡದವು. ಮುಖ ಆಮೇಲೆ. ಗದ್ದದ ಮೇಲೊಂದು ಹಚ್ಚೆಯ ಚುಕ್ಕೆ, ತಪ್ಪು ಕಂಡಾಗ ಒಂದಾಗುವ ಹುಬ್ಬುಗಳು.

ಕಟ್ಟಿಯವರು ಮಧ್ಯಾಹ್ನದ ಚಹಾ ಆದಮೇಲೆ ಅವಳಿಗೆ ಪಾಠ ಹೇಳುತ್ತಿದ್ದರು. ಗಿರಣಿಯ ಕಾಗದಗಳಲ್ಲಿ ದಿನಕ್ಕೆ ಹತ್ತು ಸಲ ಬರುವ ಮಾತು "ತಿಳಿದುಬಂತು" ಎಂಬುದು. ಕನ್ನಡದಲ್ಲಿ ಸಲೀಸಾಗಿ ಆಡುವ ಈ ಮಾತಿಗೆ ಇಂಗ್ಲಿಷಿನಲ್ಲಿ ಯಾವ ಪದ ಇಡಬೇಕು ಎಂಬುದೇ ಪಾಠ.

"ನೋಡವಾ, ಇನ್ನೊಬ್ಬರ ಬಾಯಿಂದ ತಿಳೀತು ಅಂದ್ರ ಲರ್ನ್ ಬರಿ. ನೀನ ಮೈಬಗ್ಗಿಸಿ ಹುಡುಕಿ ತಿಳಕೊಂಡ್ರ ಫೈಂಡ್ ಔಟ್. ಎರಡೆರಡ ಸಲ ತಾಳೆ ನೋಡಿ ಖಾತ್ರಿ ಮಾಡಿಕೊಂಡ್ರ ಅಸರ್ಟೇನ್. ಹೊರಗ ಕಾಣದ ದೋಷದ ವಾಸನಿ ಹಿಡದ್ರ ಡಿಟೆಕ್ಟ್. ಸುಮ್ಮನ ಕಣ್ಣಿಗೆ ಬಿದ್ರ ನೋಟಿಸ್. ಡಿಸ್ಕವರ್ ಮಾತ್ರ ನನ್ನ ಕೇಳದ ಬರೀಬ್ಯಾಡ."

"ಎಲ್ಲಾಕ್ಕೂ ಒಂದ ಅರ್ಥ ಅಂತ ಪುಸ್ತಕದಾಗ ಐತ್ರಿ," ಎಂದಳು ಇಂದುಮತಿ.

"ಒಂದ ಅರ್ಥ ಇದ್ರ ಆರು ಪದ ಯಾಕ ಇಟ್ಕೋತಿದ್ರು? ಯಾರಿಗೆ ತಿಳೀತು, ಯಾವಾಗ ತಿಳೀತು, ಹೆಂಗ ತಿಳೀತು, ಇಷ್ಟ ಕೇಳಿಕೋ. ಪದ ತಾನ ಬರ್ತದ."

ಆ ಪಾಠದ ಹೊತ್ತಿನಲ್ಲೇ ಒಂದು ದಿನ ಮಾಬುಸಾಬ ನದಾಫನ ಹೆಸರು ನನ್ನ ಮೇಲೆ ಮೊದಲ ಸಲ ಮೂಡಿತು. ಮಾಬುಸಾಬ ಯಂತ್ರಗಳಿಗೆ ಎಣ್ಣೆ ಬಿಡುವ ಕೆಲಸದವನು. ಅವನ ಅಜ್ಜ ಮುತ್ತಜ್ಜಂದಿರು ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದವರು. ಇವನು ಹತ್ತಿಯ ಗಿರಣಿಯಲ್ಲೇ ಎಣ್ಣೆಯ ಡಬ್ಬಿ ಹಿಡಿದಿದ್ದ. ಯಂತ್ರಕ್ಕೆ ಕಿವಿಗೊಟ್ಟು ಎಲ್ಲಿ ಸವೆದಿದೆ ಎಂದು ಹೇಳಬಲ್ಲ ಮನುಷ್ಯ. ಆ ವಾರ ಯಾರಿಗೂ ಕಾಣದ ಒಂದು ಬಿರುಕನ್ನು ಅವನು ಸದ್ದಿನಿಂದಲೇ ಹಿಡಿದಿದ್ದ. ಎಂಜಿನಿಯರು ತನ್ನ ಹೆಸರು ಹಾಕಿ ವರದಿ ಕಳಿಸಿದ. ಕಟ್ಟಿಯವರು ಅದನ್ನು ಹೊಡೆದು ಹಾಕಿ, "ನಮ್ಮ ಎಣ್ಣೆಯ ಕೆಲಸಗಾರ ಮಾಬುಸಾಬ ಡಿಟೆಕ್ಟ್ ಮಾಡಿದ" ಎಂದು ತಿದ್ದಿ ಇಂದುಮತಿಗೆ ಕೊಟ್ಟರು. ಆ ಸಾಲನ್ನು ಅವಳು ಎಷ್ಟು ಸಂತೋಷದಿಂದ ಬಡಿದಳೆಂದರೆ ನನ್ನ ಗಂಟೆ ಎಂದಿಗಿಂತ ಜೋರಾಗಿ ಹೊಡೆಯಿತು.

ಕಟ್ಟಿಯವರು ನಿವೃತ್ತರಾಗಿ ಹೋದರು. ಅವರ ಕುರ್ಚಿಗಿಂತ ದೊಡ್ಡ ಕುರ್ಚಿಯ ಮೇಲೆ ವಾಮನ ಜಹಗೀರದಾರ ಬಂದು ಕೂತ. ಕಾರ್ಮಿಕರ ವಿಚಾರಣೆ, ಶಿಕ್ಷೆ, ರಜೆ ಎಲ್ಲ ನೋಡಿಕೊಳ್ಳುವ ಅಧಿಕಾರಿ. ನಮ್ಮ ಕಡೆಯವನೇ, ಕನ್ನಡ ಬಲ್ಲವನೇ. ಅದಕ್ಕಾಗಿಯೇ ಅವನ ಮೇಲೆ ನನಗೆ ಇಂದಿಗೂ ಸಿಟ್ಟು ಆರಿಲ್ಲ. ಕನ್ನಡ ಬಾರದ ಮನುಷ್ಯ ತಪ್ಪು ಬರೆಸಿದ್ದರೆ ತಿಳಿಯದೆ ಮಾಡಿದ ಎನ್ನಬಹುದಿತ್ತು.

ಗೋಡೌನಿನಲ್ಲಿ ಹತ್ತಿಯ ಅಂಡಿಗೆಗಳನ್ನು, ಒತ್ತಿ ಕಟ್ಟಿದ ದೊಡ್ಡ ಮೂಟೆಗಳನ್ನು, ಮಾಳಿಗೆಗೆ ಎತ್ತುವ ಒಂದು ಲಿಫ್ಟು ಇತ್ತು. ದೊಡ್ಡ ಹಲಗೆಯ ತೊಟ್ಟಿಲು, ಮೇಲೆ ರಾಟೆ, ತಂತಿಯ ಹಗ್ಗ. ಒಂದು ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಆ ಹಗ್ಗ ಹರಿಯಿತು. ಕೆಳಗೆ ಕಸ ಗುಡಿಸುತ್ತಿದ್ದ ನಿಂಗವ್ವ ಎಂಬ ಹೆಣ್ಣಾಳಿನ ಮೇಲೆ ಮೂರು ಅಂಡಿಗೆ ಸಮೇತ ತೊಟ್ಟಿಲು ಬಿತ್ತು. ಅವಳನ್ನು ಜಮಖಾನೆಯಲ್ಲಿ ಹೊತ್ತು ನಮ್ಮ ಆಫೀಸಿನ ಬಾಗಿಲ ಮುಂದೆಯೇ ಹಾಯಿಸಿಕೊಂಡು ಹೋದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

ಮುಂಬಯಿಯಿಂದ ತಂತಿ ಬಂತು: ಕಾರಣ ಯಾರು, ಕೂಡಲೇ ತಿಳಿಸಿ.

ಶನಿವಾರ ಮಧ್ಯಾಹ್ನ ಜಹಗೀರದಾರ ಮಾಬುಸಾಬನನ್ನು ಕರೆಸಿದ. ಮಾಬುಸಾಬ ಚಪ್ಪಲಿ ಹೊರಗೆ ಬಿಟ್ಟು, ಕೈ ಒರೆಸಿಕೊಂಡು ಒಳಗೆ ಬಂದು ನಿಂತ. ಎಷ್ಟು ಒರೆಸಿದರೂ ಆ ಕೈಯಿಂದ ಎಣ್ಣೆಯ ವಾಸನೆ ಹೋಗುವಂಥದ್ದಲ್ಲ.

"ಏನೇನಾತು, ಹೇಳು. ಈ ಇಂದುಮತಿ ಬಾಯಿ ಇಂಗ್ಲಿಷಿನಾಗ ಬರಕೋತಾರ," ಎಂದ ಜಹಗೀರದಾರ. ತಾನು ಕಿಟಕಿಯ ಹತ್ತಿರ ಸಿಗರೇಟು ಹಚ್ಚಿಕೊಂಡು ನಿಂತ.

"ಶುಕ್ರವಾರ ಮುಂಜಾನೆ ಏಳಕ್ಕ ರಾಟಿಗೆ ಎಣ್ಣಿ ಬಿಡಾಕ ಮ್ಯಾಲ ಹತ್ತಿದ್ನಿರಿ. ಅವಾಗ ಹಗ್ಗದ ಎಳಿ ಬಿಟ್ಟದ್ದು ಗೊತ್ತಾತ್ರಿ. ಇಳದಾಂವನ ಗೋಡೌನ್ ಸೂಪರ್‌ವೈಜರ್ ಸಾಹೇಬರಿಗೆ ಹೇಳೀನ್ರಿ, ಲಿಫ್ಟ್ ನಿಂದರಸ್ರಿ ಅಂತ. ಇವತ್ತ ಲೋಡ್ ಬಾಳ ಐತಿ, ಸಂಜಿಮುಂದ ನೋಡೂಣು ಅಂದ್ರು. ಮತ್ತ ಒಂಬತ್ತಕ್ಕೂ ಹೇಳೀನ್ರಿ. ನಿನ್ನ ಕೆಲಸ ನೀ ನೋಡ್ಕೋ ಅಂದ್ರು."

ಇಂದುಮತಿ ಶೀಘ್ರಲಿಪಿಯಲ್ಲಿ ಗೀಚಿಕೊಂಡಳು. ಒಂದು ಕಾಗದ, ಅದರ ಹಿಂದೆ ಕಾರ್ಬನ್, ಅದರ ಹಿಂದೆ ಇನ್ನೊಂದು ಕಾಗದ ಸೇರಿಸಿ ನನ್ನ ರೋಲರಿಗೆ ಸುತ್ತಿದಳು. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬಡಿದಳು. ಗೊತ್ತಾತ್ರಿ ಎಂದದ್ದಕ್ಕೆ ಅವಳು ಇಟ್ಟ ಪದ ಫೌಂಡ್ ಔಟ್. ಶುಕ್ರವಾರ, ಏಳು ಗಂಟೆ, ಸೂಪರ್‌ವೈಜರ್, ಒಂಬತ್ತು ಗಂಟೆ, ಎಲ್ಲವೂ ಇತ್ತು.

ಜಹಗೀರದಾರ ಬಂದು ನನ್ನ ಮೇಲೆ ಬಗ್ಗಿ ಓದಿದ. ಸಿಗರೇಟಿನ ಬೂದಿ ನನ್ನ ಅಕ್ಷರಗಳ ನಡುವೆ ಬಿತ್ತು.

"ಇದೇನಿದು?"

"ಅವರು ಹೇಳಿದ್ದ ಬರದೀನ್ರಿ."

"ಅಂವ ಹೇಳಿದ್ದು ನನಗೂ ಕೇಳ್ತು. ಗೊತ್ತಿತ್ತು ಅಂದ."

"ಗೊತ್ತಾತು ಅಂದಾರ್ರಿ," ಎಂದಳು ಇಂದುಮತಿ. ಅವಳ ಬೆರಳುಗಳು ಕೀಲಿಗಳ ಮೇಲೇ ಇದ್ದವು.

ಅವನು ಮುಷ್ಟಿ ಬಿಗಿದು ನನ್ನ ಎದೆಯ ಮೇಲೆ ಗುದ್ದಿದ. ಹಾಗೆ ಗುದ್ದುವಾಗ ಡಬ್ಲ್ಯೂ ಅಕ್ಷರದ ಕಡ್ಡಿ ಅರ್ಧ ಎದ್ದು ನಿಂತಿತ್ತು. ಅದು ಬಾಗಿತು. ರೋಲರಿನಿಂದ ಕಾಗದವನ್ನು ಹರಹರ ಎಳೆದು, ನಾಲ್ಕು ಚೂರು ಮಾಡಿ ಬುಟ್ಟಿಗೆ ಎಸೆದ. ಹಿಂದಿನ ಕಾರ್ಬನ್ ಪ್ರತಿ ಜಾರಿ ಮೇಜಿನ ಕೆಳಗೆ ಬಿದ್ದದ್ದು ಅವನಿಗೆ ಕಾಣಲಿಲ್ಲ. ಇಂದುಮತಿಯ ಪಾದ ಅದರ ಮೇಲೆ ಹೋಗಿ ಕೂತದ್ದು ನನಗೆ ಕಂಡಿತು.

"ನಾ ಹೇಳ್ತೀನಿ, ನೀವು ಬಡೀರಿ," ಎಂದ. ಇಂಗ್ಲಿಷಿನಲ್ಲಿ ಹೇಳತೊಡಗಿದ. ಹಗ್ಗದ ದೋಷ ನನಗೆ ಗೊತ್ತಿತ್ತು, ಐ ವಾಸ್ ಅವೇರ್. ಆದರೂ ನಾನು ಬರಹದಲ್ಲಿ ಯಾರಿಗೂ ವರದಿ ಮಾಡಲಿಲ್ಲ. ಇಷ್ಟೇ. ಶುಕ್ರವಾರವಿಲ್ಲ, ಏಳು ಗಂಟೆಯಿಲ್ಲ, ಸೂಪರ್‌ವೈಜರ್ ಇಲ್ಲ. ಬರಹದಲ್ಲಿ ಎಂಬ ಆ ಒಂದು ಪದ ನೋಡಿ, ಅದು ಸುಳ್ಳಲ್ಲ. ಮಾಬುಸಾಬನಿಗೆ ಬರೆಯಲು ಬರುತ್ತಿದ್ದದ್ದು ತನ್ನ ಹೆಸರು ಮಾತ್ರ.

ಇಂದುಮತಿ ಬಡಿದಳು. ಬಾಗಿದ ಡಬ್ಲ್ಯೂ ಬಂದಾಗಲೆಲ್ಲ ಅಕ್ಷರ ಎಡಕ್ಕೆ ವಾಲಿ ಮೂಡಿತು. ಕಾಗದ ಹೊರಗೆ ತೆಗೆದು ಮೇಜಿನ ಮೇಲಿಟ್ಟಾಗ ಮಾಬುಸಾಬ ಪೆನ್ನು ಹಿಡಿದು, ಸಹಿ ಮಾಡುವ ಮೊದಲು ಅವಳ ಕಡೆ ನೋಡಿದ.

"ಬಾಯಾರ, ನಾ ಹೇಳಿದ್ದ ಬರದೀರಿಲ್ರಿ?"

ಜಹಗೀರದಾರ ಅವಳ ಹಿಂದೆ ನಿಂತಿದ್ದ. ಇಂದುಮತಿ ತಲೆ ಎತ್ತಲಿಲ್ಲ.

"ಹೂಂ," ಎಂದಳು.

ಮಾಬುಸಾಬ ಕನ್ನಡದಲ್ಲಿ ದೊಡ್ಡ ದೊಡ್ಡ ಅಕ್ಷರದಲ್ಲಿ ಹೆಸರು ಬರೆದ. ನನಗೆ ಜೀವನದಲ್ಲಿ ಮೊದಲ ಸಲ ಸಿಟ್ಟು ಬಂದದ್ದು ಆ ಗಳಿಗೆಯಲ್ಲಿ. ಗುದ್ದಿದವನ ಮೇಲಲ್ಲ, ಹೂಂ ಎಂದವಳ ಮೇಲೆ. ಕಟ್ಟಿಯವರ ಪಾಠ ಕೇಳಿದ ಬೆರಳುಗಳಿವು, ಇವಕ್ಕೆ ಪದದ ಬೆಲೆ ತಿಳಿಯದೇ ಹೋಯಿತೆ ಎಂದು. ಆಮೇಲೆ ನನ್ನ ಮೇಲೂ ಬಂತು. ಅಷ್ಟೂ ಅಕ್ಷರಗಳು ಹೊರಟದ್ದು ನನ್ನ ಮೈಯಿಂದಲೇ ತಾನೆ? ಒಂದು ಕಡ್ಡಿಯಾದರೂ ಸಿಕ್ಕಿಹಾಕಿಕೊಳ್ಳಬಾರದಿತ್ತೆ?

ಮಾಬುಸಾಬನನ್ನು ಕೆಲಸದಿಂದ ತೆಗೆದರು. ಪೊಲೀಸರು ಎರಡು ವಾರ ಒಳಗೆ ಇಟ್ಟು ಆಮೇಲೆ ಬಿಟ್ಟರು. ಗೊತ್ತಿದ್ದೂ ಸುಮ್ಮನಿದ್ದು ಹೆಣ್ಣುಮಗಳನ್ನು ಕೊಂದ ಎಂಬ ಮಾತು ಗಿರಣಿಯ ಚಾಳಿನಲ್ಲೆಲ್ಲ ಹಬ್ಬಿತು. ನಿಂಗವ್ವನ ಗಂಡ ಅವನ ಮನೆಯ ಮುಂದೆ ನಿಂತು ಮಣ್ಣು ತೂರಿದನಂತೆ. ಇಂದುಮತಿ ದಿನಾ ಬಂದು ನನ್ನ ಮುಂದೆ ಕೂತು ಕೆಲಸ ಮಾಡಿದಳು. ಬೆರಳುಗಳು ಮೊದಲಿನಂತೆ ಇರಲಿಲ್ಲ. ನನ್ನನ್ನು ಹೊಡೆಯುತ್ತಿದ್ದಳು. ಡಬ್ಲ್ಯೂ ಬಂದಾಗ ಇನ್ನೂ ಜೋರಾಗಿ. ರಿಪೇರಿಯವನನ್ನು ಕರೆಸೋಣವೇ ಎಂದು ಯಾರೋ ಕೇಳಿದರೆ "ಬ್ಯಾಡ, ಇರ್ಲಿ" ಎಂದಳು.

ಒಂದು ವರ್ಷದ ಮೇಲೆ ಒಂದು ಮಧ್ಯಾಹ್ನ ಮಾಬುಸಾಬ ಆಫೀಸಿಗೆ ಬಂದ. ಕೂದಲಿಗೆಲ್ಲ ಹತ್ತಿಯ ಧೂಳು. ಕೆಲಸ ಹೋದಮೇಲೆ ಅಜ್ಜನ ಬಿಲ್ಲು ಕೆಳಗಿಳಿಸಿ, ಓಣಿ ಓಣಿ ತಿರುಗಿ ಜನರ ಗಾದಿಯ ಹತ್ತಿ ಹಿಂಜಿ ಕೊಡುತ್ತಿದ್ದ. ಬಿಲ್ಲನ್ನು ಗೇಟಿನವನ ಹತ್ತಿರ ಬಿಟ್ಟು ಬಂದಿದ್ದ. ಜಹಗೀರದಾರ ಊಟಕ್ಕೆ ಹೋಗಿದ್ದ ಹೊತ್ತು.

"ಬಾಯಾರ, ಒಂದ ಕೇಳೂದಿತ್ರಿ. ಯೂನಿಯನ್ನಿನ ವಕೀಲರು ಅಂಗಡಿಯವರು ಕೇಸ್ ಹಾಕ್ಯಾರ. ನಿನ್ನ ಕಾಗದದಾಗ ನೀನ ಒಪ್ಕೊಂಡೀಯಲ್ಲೋ, ಮತ್ತ ನಾ ಏನ್ ವಾದ ಮಾಡ್ಲಿ ಅಂತಾರ. ನಾ ಏನ ಒಪ್ಕೊಂಡೀನ್ರಿ? ನಾ ಹೇಳಿದ್ದು, ನೀವು ಬರದದ್ದು. ಎಲ್ಲಿ ತಪ್ಪಾತು ಅಂತ ನನಗ ತಿಳೀವಲ್ದು."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ. ರೋಲರಿನಲ್ಲಿದ್ದ ಕಾಗದ ತೆಗೆದು ಪಕ್ಕಕ್ಕಿಟ್ಟಳು.

"ತಪ್ಪು ನಿಮ್ಮದಲ್ರಿ," ಎಂದಳು. "ನೀವು ಗೊತ್ತಾತು ಅಂದ್ರಿ. ನಾನು ಗೊತ್ತಿತ್ತು ಅಂತ ಬಡದೆ. ತಿಳಿದೂ ಬಡದೆ."

ಮಾಬುಸಾಬ ಕುರ್ಚಿಯ ಹಿಂಬದಿ ಹಿಡಿದುಕೊಂಡ.

"ಅಷ್ಟಕ್ಕನ?"

"ಅಷ್ಟಕ್ಕ."

"ನಿಂಗವ್ವನ ಗಂಡ ನನ್ನ ಮಾರಿ ಮ್ಯಾಲೆ ಮಣ್ಣ ತೂರಿದನ್ರಿ," ಎಂದ ಅವನು. "ಅಕಿ ನನ್ನ ಮಗಳಿಗೆ ದಿನಾ ಸಂಜಿಕ ಒಂದ ರೊಟ್ಟಿ ಕೊಡಾಕಿ." ಇಷ್ಟು ಹೇಳಿ ಹೊರಟ. ಬಾಗಿಲ ಹೊರಗೆ ಅವನು ಕೆಮ್ಮಿದ್ದು ಕೇಳಿಸಿತು.

ಆ ಸಂಜೆ ಇಂದುಮತಿ ತನ್ನ ಶೀಘ್ರಲಿಪಿಯ ವಹಿಯ ರಟ್ಟಿನೊಳಗಿಂದ ಕಾರ್ಬನ್ ಪ್ರತಿಯನ್ನು ತೆಗೆದು, ಮಡಿಸಿ, ಕುಪ್ಪಸದೊಳಗೆ ಇಟ್ಟುಕೊಂಡು ಮನೆಗೆ ಹೋದಳು. ಮಾರನೆಯ ದಿನ ಅಂಗಡಿ ವಕೀಲರ ಮನೆಗೆ.

ಕೇಸು ನಡೆದದ್ದು ಹುಬ್ಬಳ್ಳಿಯಲ್ಲಿ. ಕಂಪನಿಯ ವಕೀಲರು ಕಾರ್ಬನ್ ಪ್ರತಿಯನ್ನು ನೋಡಿದ ಕೂಡಲೇ ನಕ್ಕರಂತೆ. ಯೂನಿಯನ್ನಿನ ಮಾತು ಕೇಳಿ ಈ ಹೆಂಗಸು ಮೊನ್ನೆ ಮೊನ್ನೆ ಕೂತು ಬಡಿದು ತಂದ ಕಾಗದ ಇದು ಎಂದರು. ಅಂಗಡಿ ವಕೀಲರು ಆ ಟೈಪ್‌ರೈಟರನ್ನೇ ತರಿಸಬೇಕು, ಆ ವರ್ಷದ ಗಿರಣಿಯ ಪತ್ರಗಳನ್ನೂ ತರಿಸಬೇಕು ಎಂದು ಅರ್ಜಿ ಕೊಟ್ಟರು. ಹೀಗೆ ನಾನು ಗೋಣಿಚೀಲದಲ್ಲಿ ಸುತ್ತಿಸಿಕೊಂಡು, ಗಿರಣಿಯ ಜೀಪಿನಲ್ಲಿ ಕೋರ್ಟಿಗೆ ಹೋದೆ. ನನ್ನ ಕೊರಳಿಗೆ ಒಂದು ರಟ್ಟಿನ ಚೀಟಿ ಕಟ್ಟಿ ನ್ಯಾಯಾಧೀಶರ ಎದುರಿನ ಮೇಜಿನ ಮೇಲೆ ಇಟ್ಟರು.

ಎಲ್ಲರ ಮುಂದೆ ಒಬ್ಬ ಗುಮಾಸ್ತ ನನ್ನ ಮೇಲೆ ಒಂದು ಸಾಲು ಬಡಿದ. ಡಬ್ಲ್ಯೂ ಎಡಕ್ಕೆ ವಾಲಿತು. ಗಿರಣಿಯ ಪತ್ರಗಳನ್ನು ತಾರೀಖಿನ ಪ್ರಕಾರ ಹರಡಿದರು. ಆ ಶನಿವಾರದ ಬೆಳಗಿನವರೆಗಿನ ಪತ್ರಗಳಲ್ಲಿ ಡಬ್ಲ್ಯೂ ನೆಟ್ಟಗಿತ್ತು. ಅಂದಿನಿಂದೀಚೆಗೆ ಒಂದೊಂದರಲ್ಲೂ ಓರೆ. ಮಾಬುಸಾಬ ಸಹಿ ಮಾಡಿದ ಕಾಗದದಲ್ಲಿ ಓರೆ. ಕಾರ್ಬನ್ ಪ್ರತಿಯಲ್ಲಿ ನೆಟ್ಟಗೆ. ಅಂದರೆ ಅದು ಸಹಿ ಮಾಡಿದ ಕಾಗದಕ್ಕಿಂತ ಮೊದಲೇ ಹುಟ್ಟಿದ ಕಾಗದ. ನ್ಯಾಯಾಧೀಶರು ಭೂತಗನ್ನಡಿ ತರಿಸಿ ಎರಡು ಸಲ ನೋಡಿದರು. ಕಂಪನಿಯ ವಕೀಲರು ನಗುವುದನ್ನು ಬಿಟ್ಟರು. ಆದರೆ ಸೋಲಲಿಲ್ಲ, ಇಂದುಮತಿಯ ಕಡೆ ತಿರುಗಿದರು.

"ನೀವು ಓದಿದ್ದು ಮೆಟ್ರಿಕ್ ಅಲ್ಲವೆ?"

"ಹೌದ್ರಿ."

"ಅವೇರ್, ಕೇಮ್ ಟು ನೋ, ಫೌಂಡ್ ಔಟ್. ಇವೆಲ್ಲ ಪರ್ಯಾಯ ಪದಗಳು. ಯಾವ ನಿಘಂಟು ತೆಗೆದರೂ ಒಂದರ ಪಕ್ಕ ಒಂದು ಇರುತ್ತವೆ. ಒಬ್ಬ ಅಧಿಕಾರಿ ಒಂದು ಪದದ ಜಾಗದಲ್ಲಿ ಇನ್ನೊಂದು ಪದ ಹಾಕಿಸಿದರೆ ಏನು ಪ್ರಳಯವಾಯಿತು? ಮೆಟ್ರಿಕ್ ಓದಿದ ನೀವು ಅವರ ಇಂಗ್ಲಿಷನ್ನು ತಿದ್ದುತ್ತೀರಾ?"

ಇಂದುಮತಿಯ ಮುಖ ಕೆಂಪಾಯಿತು. ಹುಬ್ಬುಗಳು ಒಂದಾದವು.

"ಪುಸ್ತಕದಾಗ ಪಕ್ಕ ಪಕ್ಕ ಇರ್ತಾವ್ರಿ. ಕೋರ್ಟಿನಾಗ ಬ್ಯಾರೆ ಬ್ಯಾರೆ ನಿಂದರ್ತಾವ," ಎಂದಳು. "ಗೊತ್ತಿರೂದಕ್ಕ ತಾರೀಖ ಇಲ್ರಿ. ಗೊತ್ತಾಗೂದಕ್ಕ ತಾರೀಖ ಐತಿ, ತಾಸ ಐತಿ. ಏಳಕ್ಕ ಗೊತ್ತಾತು, ಇಳದಾಂವನ ಹೇಳಿದೆ, ಒಂಬತ್ತಕ್ಕ ಮತ್ತ ಹೇಳಿದೆ ಅಂದಾನ ಅಂವ. ಇವರು ಅವೇರ್ ಅಂತ ಬರಸಿದ ಕೂಡಲೇ ಆ ತಾಸುಗಳೆಲ್ಲಾ ಅಳಿಸಿಹೋದ್ವು. ಏಳರಿಂದ ಹತ್ತರ ತನಕ ಲಿಫ್ಟು ಯಾರ ಮಾತಿನ ಮ್ಯಾಲೆ ಓಡ್ತು ಅನ್ನೂದ ಅಳಿಸಿಹೋತು. ಅದಕ್ಕ ಆ ಪದ ಹಾಕಿಸ್ಯಾರ್ರಿ. ಇಂಗ್ಲಿಷ್ ಬರಲಾರದಕ್ಕಲ್ಲ. ಚಲೋ ಬರ್ತದಂತನ."

ನ್ಯಾಯಾಧೀಶರು ಪೆನ್ನು ಕೈಗೆತ್ತಿಕೊಂಡರು.

"ಸರಿ," ಎಂದರು ಕಂಪನಿಯ ವಕೀಲರು ಮೆಲ್ಲಗೆ. "ಅದು ಅನ್ಯಾಯ ಎಂದು ನಿಮಗೆ ಅಂದೇ ಅನಿಸಿತ್ತು. ಹಾಗಾದರೆ ಬಡಿದದ್ದೇಕೆ? ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡದ್ದೇಕೆ?"

ನಾನು ಅವಳ ಬೆರಳುಗಳನ್ನು ನೋಡಿದೆ. ಕಟಕಟೆಯ ಕಟ್ಟಿಗೆಯನ್ನು ಬಿಳುಚಿಕೊಳ್ಳುವಷ್ಟು ಬಿಗಿಯಾಗಿ ಹಿಡಿದಿದ್ದವು.

"ನೌಕರಿ ಹೋಗ್ತದಂತ ಅಂಜಿದ್ನಿರಿ. ಅದನ್ನ ಬರಕೋರಿ ಸಾಹೇಬ್ರ. ಅಂವ ನನ್ನ ಕೇಳಿದ, ನಾ ಹೂಂ ಅಂದೆ. ಕಾಗದ ಸುಳ್ಳು ಅಂತ ನನಗ ಗೊತ್ತಿತ್ತು. ಆ ಗೊತ್ತಿತ್ತು ಅನ್ನೂ ಪದ ನನ್ನ ಹೆಸರಿನ ಮುಂದ ಹಾಕ್ರಿ. ಅವನ ಹೆಸರಿನ ಮುಂದ ಹಾಕಬ್ಯಾಡ್ರಿ."

ನ್ಯಾಯಾಧೀಶರು ಮೈಸೂರ ಕಡೆಯವರು. "ಕೂತ್ಕೊಳಮ್ಮ," ಎಂದರು. "ಬರ್ಕೊಂಡಿದೀನಿ."

ನನ್ನ ಸಿಟ್ಟು ಅವಳ ಮೇಲಿನಿಂದ ಅಂದು ಇಳಿಯಿತು. ಮೂರು ತಿಂಗಳಿಗೆ ತೀರ್ಪು ಬಂತು. ನಾನಿನ್ನೂ ಕೋರ್ಟಿನ ಮೂಲೆಯಲ್ಲೇ ಇದ್ದೆ. ಮಾಬುಸಾಬ ನಿರ್ದೋಷಿ, ಅವನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳತಕ್ಕದ್ದು. ಇಂಗ್ಲಿಷಿನಲ್ಲಿ ಓದಿದ್ದು ತಿಳಿಯದೆ ಅವನು ಇಂದುಮತಿಯ ಹತ್ತಿರ ಬಂದ.

"ಏನಂತ ಬರದಾರ್ರಿ?"

"ಡಿಟೆಕ್ಟೆಡ್ ಅಂತ ಬರದಾರ. ದೋಷ ಪತ್ತೆ ಹಚ್ಚಿದಾಂವ ನೀವು ಅಂತ."

"ಚಲೋ ಪದ ಏನ್ರಿ ಅದು?"

"ಚಲೋ ಪದ."

ಮಾಬುಸಾಬ ತಲೆಯ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ. "ಹಂಗಾರ ಸೂಪರ್‌ವೈಜರ್ ಸಾಹೇಬರಿಗೆ ಏನಂತ ಬರದಾರ್ರಿ?"

ಇಂದುಮತಿ ಪುಟ ತಿರುವಿದಳು. ಅಲ್ಲಿದ್ದ ಸಾಲನ್ನು ಅವಳು ಎರಡು ಸಲ ಓದಿದ್ದು ನನಗೆ ಕಂಡಿತು. ವಿಷಯವು ಸಂಬಂಧಪಟ್ಟವರ ಗಮನಕ್ಕೆ ತರಲ್ಪಟ್ಟಂತೆ ತೋರುತ್ತದೆ. ಯಾರ ಗಮನ, ಎಷ್ಟು ಗಂಟೆಗೆ, ಕೇಳಿ ಅವನೇನು ಮಾಡಿದ, ಏನೂ ಇಲ್ಲ. ಈ ಕೇಸು ಮಾಬುಸಾಬನ ಕೆಲಸದ್ದು, ಉಳಿದದ್ದು ಇಲ್ಲಿ ಬರುವುದಿಲ್ಲ ಎಂದು ಅಂಗಡಿ ವಕೀಲರು ವಿವರಿಸಿದರು. ಇನ್ನೊಂದು ಕೇಸನ್ನು ಯಾರೂ ಹಾಕಲಿಲ್ಲ. ಜಹಗೀರದಾರ ಬಡ್ತಿ ಪಡೆದು ಮುಂಬಯಿಗೆ ಹೋದ. ಸೂಪರ್‌ವೈಜರನನ್ನು ಬೇರೆ ಗೋಡೌನಿಗೆ ಹಾಕಿದರು. ಇಂದುಮತಿಯನ್ನು, ಕಚೇರಿಯ ಕಾಗದ ಹೊರಗೆ ಸಾಗಿಸಿದಳೆಂದು ಕೆಲಸದಿಂದ ತೆಗೆದರು. ಆ ಆದೇಶವನ್ನು ಬೇರೆ ಮಷಿನಿನ ಮೇಲೆ ಬಡಿದರು. ನನಗೆ ಅಷ್ಟಾದರೂ ಮರ್ಯಾದೆ ಉಳಿಯಿತು.

ಕೋರ್ಟಿನಿಂದ ವಾಪಸು ಬಂದ ನನ್ನನ್ನು ಗಿರಣಿಯವರು ಉಗ್ರಾಣಕ್ಕೆ ತಳ್ಳಿದರು. ನನ್ನ ಮೇಲೆ ಹರಿದ ಬೆಲ್ಟು, ಒಡೆದ ಬಲ್ಬು, ಇಲಿಗಳು. ಕೆಲವು ವರ್ಷಕ್ಕೆ ಗಿರಣಿಯೇ ಮುಚ್ಚಿತು. ಹರಾಜಿನ ದಿನ ಇಂದುಮತಿ ಬಂದು, ರಾಶಿಯಲ್ಲಿ ಕೈಹಾಕಿ, ಕೊರಳ ಚೀಟಿಯಿಂದ ನನ್ನನ್ನು ಗುರುತು ಹಿಡಿದು, ರಿಕ್ಷಾದಲ್ಲಿ ತೊಡೆಯ ಮೇಲಿಟ್ಟುಕೊಂಡು ಮನೆಗೆ ತಂದಳು.

ಅವಳು ಮನೆಯ ಪಡಸಾಲೆಯಲ್ಲಿ ಟೈಪಿಂಗ್ ಕ್ಲಾಸು ಹಾಕಿದ್ದಳು. ಇಪ್ಪತ್ತು ವರ್ಷ ಊರಿನ ಹೆಣ್ಣುಮಕ್ಕಳು ನನ್ನ ಮೇಲೆ ಕೈ ತಿರುಗಿಸಿದರು. ಬೆರಳು ಓಡಿದರೆ ಸಾಲದು, ಯಾರಿಗೆ, ಯಾವಾಗ, ಹೆಂಗ ತಿಳೀತು ಅಂತ ಕೇಳಿಕೊಂಡು ಪದ ಹಾಕ್ರಿ ಎಂದು ಅವಳು ಬೈಯುತ್ತಿದ್ದಳು. ಕೆಲವರು ಕೇಳಿದರು, ಹಲವರು ಆಕಳಿಸಿದರು. ಆಮೇಲೆ ಕಂಪ್ಯೂಟರು ಬಂತು. ಕ್ಲಾಸು ನಿಂತಿತು. ಉಳಿದ ಮಷಿನುಗಳನ್ನು ಹಳೇ ಕಬ್ಬಿಣ ಕೊಳ್ಳುವ ಮೋಡಕದವನು ಒಯ್ದ. ನನ್ನನ್ನು ಅವಳು ಕೊಡಲಿಲ್ಲ. ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ, ಹಳೆಯ ದಿಂಬಿನ ಚೀಲ ಹೊದಿಸಿ ಇಟ್ಟಿದ್ದಾಳೆ. ಮಾಬುಸಾಬ ತೀರಿಹೋಗಿ ಬಹಳ ವರ್ಷವಾಯಿತು. ಅವಳಿಗೂ ಈಗ ಎಪ್ಪತ್ತು ದಾಟಿದೆ.

ಮೊನ್ನೆ ಒಂದು ಬೆಳಿಗ್ಗೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬಳು ಬಾಗಿಲಿಗೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಚೀಲ.

"ನಾ ಗಿರಣಿ ನಿಂಗವ್ವನ ಮಗಳು, ದುರುಗವ್ವರಿ," ಎಂದಳು. "ನಮ್ಮವ್ವ ಸತ್ತಾಗ ನನಗ ಎರಡ ವರ್ಷ. ಅಪ್ಪ ಹೋದ ವರ್ಷ ತೀರಿದ. ಸಾಯೂತನಕ ಮಾಬುಸಾಬನ ಬೈತಿದ್ದ. ನೀವು ಬ್ಯಾರೆ ಹೇಳ್ತೀರಿ ಅಂತ ಮಂದಿ ಅಂದ್ರು. ನಮ್ಮವ್ವ ಹೆಂಗ ಸತ್ಲು ಅಂತ ನನ್ನ ಕಡೆ ಒಂದ ಕಾಗದಾನೂ ಇಲ್ರಿ."

ಇಂದುಮತಿ ಅವಳನ್ನು ಕೂರಿಸಿ ಎಲ್ಲವನ್ನೂ ಹೇಳಿದಳು. ತನ್ನ ಹೂಂ ಅನ್ನು ಬಿಡಲಿಲ್ಲ. ಟ್ರಂಕಿನಿಂದ ತೀರ್ಪಿನ ಪ್ರತಿ ತೆಗೆದು ಮುಂದಿಟ್ಟಳು. ದುರುಗವ್ವ ಆ ಇಂಗ್ಲಿಷ್ ಪುಟಗಳ ಮೇಲೆ ಬೆರಳು ಆಡಿಸಿದಳು.

"ಇದರಾಗ ನಮ್ಮವ್ವನ ಹೆಸರ ಎಲ್ಲೈತ್ರಿ?"

ಇಂದುಮತಿ ಕನ್ನಡಕ ಹಾಕಿಕೊಂಡು ಹುಡುಕಿದಳು. ಹನ್ನೊಂದು ಪುಟ. ಹಗ್ಗದ ದಪ್ಪ ಇತ್ತು, ಅಂಡಿಗೆಯ ತೂಕ ಇತ್ತು, ನನ್ನ ನಂಬರು ಕೂಡ ಇತ್ತು. ನಿಂಗವ್ವ ಇರಲಿಲ್ಲ. ಒಬ್ಬ ಕೆಲಸಗಾರ್ತಿ ಎಂದಷ್ಟೇ ಇತ್ತು. ನಲವತ್ತು ವರ್ಷದಲ್ಲಿ ಅದನ್ನು ಇಂದುಮತಿ ಗಮನಿಸಿರಲಿಲ್ಲ. ನಾನೂ ಗಮನಿಸಿರಲಿಲ್ಲ. ನಮ್ಮಿಬ್ಬರ ಸಿಟ್ಟೆಲ್ಲ ಒಂದು ಪದದ ಮೇಲೆಯೇ ಖರ್ಚಾಗಿತ್ತು. ಸತ್ತವಳ ಕಡೆ ಇಬ್ಬರೂ ತಿರುಗಿ ನೋಡಿರಲಿಲ್ಲ.

ಇಂದುಮತಿ ಎದ್ದು ಬಂದು ನನ್ನ ಮೇಲಿನ ಬಟ್ಟೆ ತೆಗೆದಳು. ಒಣಗಿದ ರಿಬ್ಬನ್ನಿಗೆ ಒಂದು ಹನಿ ಎಣ್ಣೆ ಬಿಟ್ಟಳು. ಕಾಗದ ಸುತ್ತಿ, ಕೂತು, ಬೆರಳುಗಳನ್ನು ಜಾಗದಲ್ಲಿ ಇಟ್ಟಳು. ಎಷ್ಟೋ ಕಾಲದ ಮೇಲೆ ನನಗೆ ನಿಜವಾದ ಕೆಲಸ ಬಂತೆಂದು ನಾನು ಮೈ ಸೆಟೆದು ಕಾದೆ.

"ಇಂಗ್ಲಿಷಿನಾಗ ಬ್ಯಾಡ್ರಿ ಅಕ್ಕಾರ," ಎಂದಳು ದುರುಗವ್ವ. "ನನಗ ಅದು ಓದಾಕ ಬರೂದಿಲ್ಲ. ಕನ್ನಡದಾಗ ಬರದ ಕೊಡ್ರಿ."

ಇಂದುಮತಿಯ ಬೆರಳುಗಳು ನನ್ನ ಮೇಲೆ ಒಂದು ಗಳಿಗೆ ನಿಂತವು. ಆಮೇಲೆ ಅವಳು ಕಾಗದವನ್ನು ಮೆಲ್ಲಗೆ ಹೊರಗೆ ಎಳೆದು, ಸ್ಟೂಲನ್ನು ಪಕ್ಕಕ್ಕೆ ಸರಿಸಿ, ಕಿಟಕಿಯ ಕಟ್ಟೆಯ ಮೇಲಿದ್ದ ಬಾಲ್‌ಪೆನ್ನು ತೆಗೆದುಕೊಂಡಳು. ನಿಂಗವ್ವ ತಳವಾರ, ಎಂದು ಬಾಯಲ್ಲಿ ಹೇಳುತ್ತಾ ಬರೆಯತೊಡಗಿದಳು. ಬರೆದು, ನಿಲ್ಲಿಸಿ, ಅವ್ವನ ವಯಸ್ಸೆಷ್ಟಿತ್ತು ಎಂದು ಕೇಳಿದಳು. ದುರುಗವ್ವ ಬೆರಳು ಎಣಿಸಿ ಇಪ್ಪತ್ತಾರು ಎಂದಳು.

ಅವರು ಮಧ್ಯಾಹ್ನದ ತನಕ ಬರೆದರು. ನಾನು ಗೋಡೆಗೆ ಮುಖ ಮಾಡಿ ಕೂತಿದ್ದೆ. ಈ ಊರಿಗೆ ಬಂದು ಐವತ್ತು ವರ್ಷ ಮೇಲಾಯಿತು. ಇಲ್ಲಿಯ ಜನರ ಬಾಯಿಂದ ಬಂದದ್ದನ್ನೆಲ್ಲ ಬರೆದೆ ಎಂದು ಬೀಗಿದವನು ನಾನು. ನನ್ನ ಮೈಯಲ್ಲಿ ಅವರ ಒಂದು ಅಕ್ಷರವೂ ಇಲ್ಲ.